ಕೆಡವಲು ಹೊರಟಿದ್ದ ಶಾಲೆಗೆ ಯಾತ್ರಿಕರು ಬಂದರು

ಜಪಾನಿನ ಒಂದು ಹಳೆ ಪ್ರಾಥಮಿಕ ಶಾಲೆ. ಅದರ ಮೆಟ್ಟಿಲಿನ ರೇಲಿಂಗ್ ಮೇಲೆ ಕಂಚಿನ ಆಮೆ, ಮೊಲಗಳನ್ನು ಕೂರಿಸಿದ್ದಾರೆ. ಕೆಳಗೆ ಎರಡೂ ಒಟ್ಟಿಗೆ ಹೊರಡುತ್ತವೆ. ಸ್ವಲ್ಪ ಮೇಲೆ ಹತ್ತಿದರೆ ಮೊಲ ಮುಂದೆ ಓಡಿದೆ. ಇನ್ನೂ ಹತ್ತಿದರೆ ಮೊಲ ಮಲಗಿಬಿಟ್ಟಿದೆ. ಮೇಲಿನ ಅಂತಸ್ತು ಮುಟ್ಟಿದಾಗ ಅಲ್ಲಿರುವುದು ಆಮೆ ಮಾತ್ರ. ನಾವು ನೀವು ಚಿಕ್ಕ ಕ್ಲಾಸಿನಲ್ಲಿ ಕೇಳಿದ ಅದೇ ಕಥೆ.

ಈ ಮೆಟ್ಟಿಲು ನೋಡಲು ದೂರದೂರದಿಂದ ಜನ ಬರುತ್ತಾರೆ. ಬಂದವರು ಆಮೆಯ ತಲೆ ಸವರುತ್ತಾರೆ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡು ಅದೇ ಕೋನದಲ್ಲಿ ಫೋಟೊ ಹೊಡೆಯುತ್ತಾರೆ. ಅವರು ಬರುವುದು ಟಿವಿಯಲ್ಲಿ ಬಂದ ಒಂದು ಕಾರ್ಟೂನ್ ಧಾರಾವಾಹಿ ನೋಡಿ. ಆ ಧಾರಾವಾಹಿ ಶುರುವಾಗುವ ಆರೇಳು ವರ್ಷ ಮೊದಲು ಇದೇ ಶಾಲೆಯ ಕಿಟಕಿಗಳನ್ನು ಒಡೆಯಲು ಆಳುಗಳು ಬಂದಿದ್ದರು. ಊರ ಜನ ಒಳಗೆ ಕೂತು ತಡೆದರು.

ನಾವು ಜಪಾನಿಗೆ ಹೋದವರಲ್ಲ. ಓದಿ, ಫೋಟೊ ವಿಡಿಯೊ ನೋಡಿ ತಿಳಿದದ್ದನ್ನು ಬರೆಯುತ್ತಿದ್ದೇವೆ. ಬರೆಯಬೇಕೆನಿಸಿದ್ದಕ್ಕೆ ಕಾರಣ ಕಾರ್ಟೂನ್ ಅಲ್ಲ, ಶಾಲೆ. ಹಳೆ ಶಾಲೆ ಕೆಡವುವ ಸುದ್ದಿಯನ್ನು ನಾವೂ ಎಷ್ಟೋ ಸಲ ಬರೆದಿದ್ದೇವೆ. ಎರಡು ಪ್ಯಾರಾ, ಒಂದು ಫೋಟೊ, ‘ಶಿಥಿಲಾವಸ್ಥೆಯಲ್ಲಿದ್ದ ಕಟ್ಟಡ’ ಎಂಬ ಮಾತು. ಅದನ್ನು ಕಟ್ಟಿಸಿದವರು ಯಾರು ಎಂದು ಕೇಳಿದ ನೆನಪು ನಮಗಿಲ್ಲ.

ಈ ಶಾಲೆ ಇರುವುದು ಶಿಗಾ ಪ್ರಾಂತ್ಯದ ತೊಯೊಸಾತೊ ಎಂಬ ಊರಿನಲ್ಲಿ. ಜಪಾನಿನ ಅತಿ ದೊಡ್ಡ ಸರೋವರ ಬಿವಾ ಇರುವ ಸೀಮೆ. ಊರಿನ ಜನಸಂಖ್ಯೆ 7,000ದ ಆಸುಪಾಸು, ವಿಸ್ತೀರ್ಣ 8 ಚದರ ಕಿಲೋಮೀಟರೂ ಇಲ್ಲ. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಕೇಂದ್ರ ಅನ್ನಬಹುದು. ಸುತ್ತ ಭತ್ತದ ಗದ್ದೆ, ನಡುವೆ ಸಣ್ಣದೊಂದು ರೈಲು ಮಾರ್ಗ.

ಆದರೆ ಊರು ಸಣ್ಣದಾದರೂ ವ್ಯಾಪಾರಿಗಳ ಸೀಮೆ ಅದು. ಹೆಗಲ ಮೇಲೆ ಸರಕು ಹೊತ್ತು ದೇಶವೆಲ್ಲ ಅಲೆದು ಮಾರುತ್ತಿದ್ದ ಓಮಿ ವರ್ತಕರು ಈ ಕಡೆಯವರು. ಇಂದು ಜಗತ್ತಿನಾದ್ಯಂತ ವಹಿವಾಟು ನಡೆಸುವ ಇತೋಚು, ಮರುಬೆನಿ ಕಂಪನಿಗಳ ಮೂಲಪುರುಷ ಇತೋ ಚುಬೆ ಹುಟ್ಟಿದ್ದು ತೊಯೊಸಾತೊದಲ್ಲೇ. ಮಾರುವವನಿಗೂ ಒಳ್ಳೆಯದಾಗಬೇಕು, ಕೊಳ್ಳುವವನಿಗೂ ಒಳ್ಳೆಯದಾಗಬೇಕು, ಊರಿಗೂ ಒಳ್ಳೆಯದಾಗಬೇಕು ಎಂಬುದು ಓಮಿ ವರ್ತಕರ ಹೆಸರಿನಲ್ಲಿ ಓಡಾಡುವ ಮಾತು. ಮಾತು ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಇಲ್ಲಿ ಒಬ್ಬ ಮನುಷ್ಯ ಅದನ್ನು ನಡೆಸಿಯೂ ತೋರಿಸಿದ.

ಅವನ ಹೆಸರು ಫುರುಕಾವಾ ತೆತ್ಸುಜಿರೋ. ಈ ಊರಿನ ಶಾಲೆಯಲ್ಲೇ ಓದಿ, ಹುಡುಗನಾಗಿದ್ದಾಗಲೇ ಇತೋ ಚುಬೆಯ ಅಂಗಡಿಗೆ ಕೆಲಸಕ್ಕೆ ಸೇರಿದವನು. ಮೇಲೇರುತ್ತಾ ಮರುಬೆನಿಯ ಹಿರಿಯ ನಿರ್ದೇಶಕನಾದ. ಕೈಯಲ್ಲಿ ದುಡ್ಡು ಬಂದ ಮೇಲೆ ತನ್ನ ಆಸ್ತಿಯ ದೊಡ್ಡ ಪಾಲನ್ನು, ಮೂರರಲ್ಲಿ ಎರಡು ಪಾಲು ಎನ್ನುತ್ತಾರೆ, ಹಾಕಿ ಊರಿಗೆ ಶಾಲೆ ಕಟ್ಟಿಸಿಕೊಟ್ಟ. ಹುಡುಗ ಊರು ಬಿಟ್ಟು ಕೆಲಸಕ್ಕೆ ಹೊರಟಾಗ ಮೇಷ್ಟ್ರು ಆಮೆ ಮೊಲದ ಕಥೆ ಹೇಳಿ ಕಳಿಸಿದ್ದರಂತೆ. ಮೆಟ್ಟಿಲ ಮೇಲಿನ ಕಂಚಿನ ಆಮೆಗೆ ಅದೇ ಕಾರಣ ಎಂದು ಊರಿನಲ್ಲಿ ಹೇಳಿಕೊಂಡು ಬಂದಿದ್ದಾರೆ.

ನಕ್ಷೆ ಹಾಕಿದವನು ಅಮೆರಿಕದವನು, ವಿಲಿಯಂ ಮೆರೆಲ್ ವೋರಿಸ್. 1905ರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಪಕ್ಕದ ಓಮಿ ಹಚಿಮನ್‌ಗೆ ಬಂದವನು ಅಲ್ಲೇ ನೆಲೆ ನಿಂತ. ವಾಸ್ತುಶಿಲ್ಪವನ್ನು ಕಾಲೇಜಿನಲ್ಲಿ ಕಲಿತವನಲ್ಲ. ಆದರೂ ಜಪಾನಿನಲ್ಲಿ ನೂರಾರು ಕಟ್ಟಡ ಕಟ್ಟಿದ. ಮೆಂಥೊಲೇಟಮ್ ಎಂಬ, ನಮ್ಮ ಅಮೃತಾಂಜನದ ಹಾಗಿನ ಮುಲಾಮನ್ನು ಜಪಾನಿನಲ್ಲಿ ಮಾರಿದವನೂ ಅವನೇ. 1941ರಲ್ಲಿ ಜಪಾನಿನ ಪೌರತ್ವ ಪಡೆದು ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ.

ಶಾಲೆ ಮುಗಿದದ್ದು 1937ರಲ್ಲಿ. ಗದ್ದೆಗಳ ನಡುವೆ ಉದ್ದಕ್ಕೆ ಬೆಳ್ಳಗೆ ನಿಂತ ಕಾಂಕ್ರೀಟ್ ಕಟ್ಟಡ. ಒಂದು ಬದಿಗೆ ಸಭಾಂಗಣ, ಇನ್ನೊಂದು ಬದಿಗೆ ಗ್ರಂಥಾಲಯ. ಚಳಿಗಾಲಕ್ಕೆ ಕೊಠಡಿಗಳನ್ನು ಉಗಿಯಿಂದ ಬೆಚ್ಚಗಿಡುವ ಏರ್ಪಾಡು, ನೀರಿನಿಂದ ತೊಳೆದು ಹೋಗುವ ಶೌಚಾಲಯ. ಆ ಕಾಲದ ಒಂದು ರೈತರ ಊರಿಗೆ ಇದು ಅರಮನೆಯೇ. ಪೂರ್ವ ದೇಶಗಳಲ್ಲೇ ಇಂಥ ಪ್ರಾಥಮಿಕ ಶಾಲೆ ಇಲ್ಲ ಎಂದು ಹೊಗಳುತ್ತಿದ್ದರು.

ಅರವತ್ತು ವರ್ಷ ಹತ್ತಿರವಾಯಿತು. 1995ರಲ್ಲಿ ಕೋಬೆ ನಗರದಲ್ಲಿ ದೊಡ್ಡ ಭೂಕಂಪವಾಯಿತು. ಆಮೇಲೆ ದೇಶವೆಲ್ಲ ಹಳೆ ಕಟ್ಟಡಗಳ ಬಗ್ಗೆ ಭಯ. ತೊಯೊಸಾತೊದ ಮೇಯರ್ ಕೂಡ ಅದನ್ನೇ ಹೇಳಿದರು: ಕಟ್ಟಡ ಹಳತಾಗಿದೆ, ಭೂಕಂಪವಾದರೆ ಮಕ್ಕಳ ಗತಿಯೇನು, ಕೆಡವಿ ಹೊಸದು ಕಟ್ಟೋಣ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಮಕ್ಕಳ ಜೀವದ ಮಾತು. ಆದರೆ ಊರಿನ ಒಂದು ಪಾಲು ಜನ ಒಪ್ಪಲಿಲ್ಲ. ಗಟ್ಟಿ ಮಾಡಿ ಉಳಿಸಿಕೊಳ್ಳಬಹುದಲ್ಲ, ಊರ ಮಗ ತನ್ನ ದುಡಿಮೆ ಹಾಕಿ ಕಟ್ಟಿಸಿದ್ದನ್ನು ಕೆಡವಲು ನೀವು ಯಾರು ಎಂದು ಕೋರ್ಟಿಗೆ ಹೋದರು.

2002ರ ಡಿಸೆಂಬರಿನಲ್ಲಿ ಓತ್ಸು ಜಿಲ್ಲಾ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಅದರ ಬೆನ್ನಲ್ಲೇ ಕೆಡವುವ ಕೆಲಸ ಶುರುವಾಯಿತು. ಹೌದು, ತಡೆಯಾಜ್ಞೆ ಇದ್ದಾಗಲೇ. ಕಿಟಕಿಯ ಗಾಜುಗಳು ಒಡೆದವು. ಜನ ಶಾಲೆಯೊಳಗೆ ನುಗ್ಗಿ ಕೂತರು. ಟಿವಿಯವರು ಬಂದರು, ದೇಶವೆಲ್ಲ ನೋಡಿತು. ಕೆಲವೇ ದಿನಗಳಲ್ಲಿ ಮೇಯರ್ ಹಿಂದೆ ಸರಿದರು. ಹಳೆ ಕಟ್ಟಡ ಇರಲಿ, ಹೊಸ ಶಾಲೆಯನ್ನು ಬೇರೆಯಾಗಿ ಕಟ್ಟುತ್ತೇವೆ ಎಂದರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಜಪಾನಿನ ಕಾನೂನಿನಲ್ಲಿ ಊರ ಜನ ಸಹಿ ಸಂಗ್ರಹಿಸಿ ಮೇಯರನ್ನು ಅವಧಿಗೆ ಮೊದಲೇ ಇಳಿಸುವ ಮತದಾನ ಕೇಳಬಹುದು. 2003ರ ಮಾರ್ಚಿನಲ್ಲಿ ಆ ಮತದಾನ ನಡೆದು ಮೇಯರ್ ಇಳಿದರು. ಏಪ್ರಿಲಿನಲ್ಲಿ ಚುನಾವಣೆಯಾಯಿತು. ಗೆದ್ದವರು ಅದೇ ಮೇಯರ್! ಅಂದರೆ ಊರು ಅಷ್ಟು ನಿಚ್ಚಳವಾಗಿ ಎರಡು ಹೋಳಾಗಿತ್ತು. ನಮ್ಮ ಪಂಚಾಯಿತಿ ಚುನಾವಣೆ ಕಂಡವರಿಗೆ ಅದರ ಬಿಸಿ ಎಷ್ಟೆಂದು ವಿವರಿಸಬೇಕಿಲ್ಲ.

2004ರಲ್ಲಿ ಹೊಸ ಶಾಲೆ ಎದ್ದಿತು, ಮಕ್ಕಳು ಅಲ್ಲಿಗೆ ಹೋದರು. ಹಳೆಯದು ಉಳಿಯಿತು, ಆದರೆ ಖಾಲಿ. ಆಮೇಲೆ ಭೂಕಂಪಕ್ಕೆ ನಿಲ್ಲುವಂತೆ ಗಟ್ಟಿ ಮಾಡಿ, ಊರಿನ ಗ್ರಂಥಾಲಯ, ಶಿಕ್ಷಣ ಇಲಾಖೆಯ ಕಚೇರಿ, ಚಿಕ್ಕ ಮಕ್ಕಳ ಕೇಂದ್ರಕ್ಕೆಂದು ದುರಸ್ತಿ ಮಾಡಿದರು. 2009ರ ಮೇ ತಿಂಗಳಲ್ಲಿ ಬಾಗಿಲು ಮತ್ತೆ ತೆರೆಯಿತು.

ಇಲ್ಲಿ ಕಾರ್ಟೂನ್ ಬರುತ್ತದೆ. ಅದೇ 2009ರ ಏಪ್ರಿಲಿನಲ್ಲಿ ಜಪಾನಿನ ಟಿವಿಯಲ್ಲಿ ‘ಕೆ-ಆನ್’ ಎಂಬ ಅನಿಮೆ ಶುರುವಾಗಿತ್ತು. ಅನಿಮೆ ಎಂದರೆ ಜಪಾನಿನವರು ಮಾಡುವ ಕಾರ್ಟೂನ್ ಚಿತ್ರ, ಧಾರಾವಾಹಿ. ಅವು ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ. ‘ಕೆ-ಆನ್’ ಕಥೆ ಬಹಳ ಸರಳ. ಹೈಸ್ಕೂಲಿನ ಸಂಗೀತ ಕ್ಲಬ್ಬು ಮುಚ್ಚಿಹೋಗುವ ಸ್ಥಿತಿಯಲ್ಲಿದೆ, ನಾಲ್ಕು ಜನ ಸೇರದಿದ್ದರೆ ಬಾಗಿಲು ಹಾಕುತ್ತಾರೆ. ನಾಲ್ಕು ಹುಡುಗಿಯರು ಸೇರುತ್ತಾರೆ, ಆಮೇಲೆ ಐದನೆಯವಳು. ಗಿಟಾರ್ ಬಾರಿಸುವುದಕ್ಕಿಂತ ಟೀ ಕುಡಿದು ಕೇಕ್ ತಿನ್ನುವುದೇ ಹೆಚ್ಚು. ಅದನ್ನು ಮಾಡಿದ ಕ್ಯೋಟೊ ಅನಿಮೇಷನ್ ಎಂಬ ಸ್ಟುಡಿಯೊ ಆ ಹೈಸ್ಕೂಲಿಗೆ ಮಾದರಿಯಾಗಿ ಆರಿಸಿಕೊಂಡದ್ದು ತೊಯೊಸಾತೊದ ಈ ಹಳೆ ಪ್ರಾಥಮಿಕ ಶಾಲೆಯನ್ನು. ಆ ಮೆಟ್ಟಿಲು, ಆ ಆಮೆ, ಆ ಮರದ ನೆಲ, ಎಲ್ಲವೂ ಚಿತ್ರದಲ್ಲಿವೆ. ಕ್ಲಬ್ಬಿನ ಕೋಣೆ ಮೇಲಿನ ಅಂತಸ್ತಿನ ಒಂದು ಕೋಣೆ.

ಧಾರಾವಾಹಿಯಲ್ಲಿ ಊರಿನ ಹೆಸರಿಲ್ಲ. ನೋಡಿದವರೇ ಹುಡುಕಿದರು. ಒಂದೊಂದು ದೃಶ್ಯವನ್ನೂ ನಿಲ್ಲಿಸಿ, ಫೋಟೊಗಳ ಜತೆ ಹೋಲಿಸಿ, ಇದು ಅದೇ ಎಂದು ಪತ್ತೆ ಮಾಡಿ ಹೊರಟೇಬಿಟ್ಟರು. ಅವರು ಬಂದಾಗ ಶಾಲೆಯ ಬಾಗಿಲೂ ಹೊಸದಾಗಿ ತೆರೆದಿತ್ತು. ಉಳಿಸಿದವರಿಗಾಗಲಿ, ಕೆಡವಲು ಹೊರಟವರಿಗಾಗಲಿ ಇಂಥದ್ದೊಂದು ಬರುತ್ತದೆಂಬ ಅಂದಾಜೇ ಇರಲಿಲ್ಲ. ಕೆಡವಿದ್ದರೆ ಸ್ಟುಡಿಯೊದವರಿಗೆ ಬಿಡಿಸಲು ಮೆಟ್ಟಿಲೂ ಇರುತ್ತಿರಲಿಲ್ಲ.

ಹೀಗೆ ಕಥೆಯಲ್ಲಿ ಕಂಡ ಜಾಗ ಹುಡುಕಿ ಹೋಗುವುದು ನಮಗೆ ಹೊಸದಲ್ಲ. ಶಂಕರನಾಗ್ ‘ಮಾಲ್ಗುಡಿ ಡೇಸ್’ ಮಾಡಿದ ಆಗುಂಬೆಯ ದೊಡ್ಡಮನೆಯನ್ನು ನೋಡಲು ಇವತ್ತಿಗೂ ಜನ ಹೋಗುತ್ತಾರೆ. ಆದರೆ ಆಗುಂಬೆಯಲ್ಲಿ ಕ್ಯಾಮೆರಾ ಬಂದಿತ್ತು, ನಟರು ಬಂದಿದ್ದರು, ಊರಿಗೆ ಗೊತ್ತಿತ್ತು. ಅನಿಮೆಯಲ್ಲಿ ಯಾರೋ ಬಂದು ಫೋಟೊ ತೆಗೆದುಕೊಂಡು ಹೋಗಿ ಕೂತು ಚಿತ್ರ ಬರೆಯುತ್ತಾರೆ. ಊರಿಗೆ ಸುದ್ದಿ ಮುಟ್ಟುವುದು ಅಪರಿಚಿತರು ರೈಲಿಳಿದಾಗ.

ಜಪಾನಿನಲ್ಲಿ ಇದಕ್ಕೆ ‘ಸೇಚಿ ಜುನ್ರೇ’ ಎನ್ನುತ್ತಾರೆ. ಪುಣ್ಯಕ್ಷೇತ್ರ ಯಾತ್ರೆ ಎಂದು ಅರ್ಥ. ದೇವಸ್ಥಾನಗಳಿಗೆ ಹೋಗುವುದಕ್ಕೆ ಬಳಸುವ ಮಾತನ್ನೇ ಮೊದಲು ತಮಾಷೆಗೆ ಎತ್ತಿಕೊಂಡರು, ಆಮೇಲೆ ಅದೇ ಹೆಸರು ನಿಂತಿತು. 2016ರಲ್ಲಿ ‘ಯುವರ್ ನೇಮ್’ ಎಂಬ ಸಿನಿಮಾ ದೇಶವನ್ನೇ ಹುಚ್ಚೆಬ್ಬಿಸಿದಾಗ ಈ ಪದ ಆ ವರ್ಷದ ಹೆಚ್ಚು ಚಾಲ್ತಿಯಾದ ಹತ್ತು ಪದಗಳ ಪಟ್ಟಿ ಸೇರಿತು. ಅದೇ ವರ್ಷ ಅನಿಮೆ ಪ್ರವಾಸಕ್ಕೆಂದೇ ಒಂದು ಸಂಘ ಹುಟ್ಟಿ 88 ಜಾಗಗಳ ಪಟ್ಟಿ ಮಾಡಲು ಹೊರಟಿತು. 88 ಯಾಕೆ? ಶಿಕೊಕು ದ್ವೀಪದಲ್ಲಿ ಭಕ್ತರು ನಡೆದು ಸುತ್ತುವ ಬೌದ್ಧ ದೇವಾಲಯಗಳು 88.

ನಿಜವಾದ ದೇವಸ್ಥಾನಕ್ಕೇ ಇಂಥ ಯಾತ್ರಿಕರು ಬಂದರೆ ಏನಾಗುತ್ತದೆ? ಅದೂ ಆಗಿದೆ, ತೊಯೊಸಾತೊಗಿಂತ ಎರಡು ವರ್ಷ ಮೊದಲು. ಟೋಕಿಯೊದ ಉತ್ತರಕ್ಕೆ ಸೈತಾಮಾ ಪ್ರಾಂತ್ಯದಲ್ಲಿ ವಾಶಿಮಿಯಾ ಎಂಬ ಸಣ್ಣ ಊರಿತ್ತು. ಅಲ್ಲಿನ ಶಿಂಟೊ ದೇವಾಲಯ ಬಹಳ ಪುರಾತನವಾದದ್ದು. 2007ರಲ್ಲಿ ‘ಲಕ್ಕಿ ಸ್ಟಾರ್’ ಎಂಬ ಅನಿಮೆ ಬಂತು. ಅದರಲ್ಲಿ ಅವಳಿ ಅಕ್ಕತಂಗಿಯರಿದ್ದಾರೆ, ಅವರ ಅಪ್ಪ ದೇವಾಲಯದ ಅರ್ಚಕ. ಆ ದೇವಾಲಯಕ್ಕೆ ಮಾದರಿ ಇದೇ. ಒಂದು ಅನಿಮೆ ಪತ್ರಿಕೆ ಜಾಗಗಳ ನಕ್ಷೆಯನ್ನೂ ಅಚ್ಚು ಹಾಕಿತು. ಯುವಕರು ಕ್ಯಾಮೆರಾ ಹಿಡಿದು ಬರತೊಡಗಿದರು. ಹರಕೆ ಬರೆದು ತೂಗುಹಾಕುವ ಮರದ ಹಲಗೆಗಳ ಮೇಲೆ ಕಾರ್ಟೂನ್ ಹುಡುಗಿಯರ ಚಿತ್ರ ಬಿಡಿಸಿ ಕಟ್ಟಿದರು. ಊರಿನವರಿಗೆ ಆತಂಕ. ಇವರು ಯಾರು, ದೇವರ ಜಾಗದಲ್ಲಿ ಇದೇನು ವೇಷ ಎಂದು.

ಅಲ್ಲಿನ ವರ್ತಕರ ಸಂಘದವರು ಒಂದು ಸರಳ ಕೆಲಸ ಮಾಡಿದರು. ಹೋಗಿ ಆ ಹುಡುಗರನ್ನೇ ಮಾತಾಡಿಸಿದರು. ಎಲ್ಲಿಂದ ಬಂದಿರಿ, ಇಲ್ಲೇನಿದೆ, ನಿಮಗೇನು ಬೇಕು? ನೆನಪಿಗೆ ಕೊಂಡುಹೋಗಲು ಏನೂ ಸಿಗುತ್ತಿಲ್ಲ ಎಂದು ಗೊತ್ತಾಯಿತು. ಪ್ರಕಾಶಕರ ಅನುಮತಿ ಪಡೆದು, ಹರಕೆ ಹಲಗೆಯ ಆಕಾರದಲ್ಲಿ ಮೊಬೈಲಿಗೆ ಕಟ್ಟುವ ಮರದ ಬಿಲ್ಲೆ ಮಾಡಿಸಿದರು. ಅದರಲ್ಲೊಂದು ಉಪಾಯವಿತ್ತು. ಎಲ್ಲ ಬಗೆಯನ್ನೂ ಒಂದೇ ಅಂಗಡಿಯಲ್ಲಿ ಇಡಲಿಲ್ಲ. ಒಂದೊಂದು ಬಗೆ ಒಂದೊಂದು ಅಂಗಡಿಯಲ್ಲಿ. ಎಲ್ಲವೂ ಬೇಕೆಂದರೆ ಊರೆಲ್ಲ ಸುತ್ತಬೇಕು. ಸುತ್ತುತ್ತಾ ಹಸಿವಾದರೆ ಊಟ, ಬಾಯಾರಿದರೆ ಟೀ, ಅಂಗಡಿಯಜ್ಜಿಯ ಜತೆ ಎರಡು ಮಾತು. ಹುಡುಗರಿಗೆ ಅಂಗಡಿಯವರ ಪರಿಚಯವಾಯಿತು, ಅಂಗಡಿಯವರಿಗೆ ಹುಡುಗರ ಹೆದರಿಕೆ ಹೋಯಿತು.

2007ರ ಡಿಸೆಂಬರಿನಲ್ಲಿ ನಡೆದ ಒಂದು ಕಾರ್ಯಕ್ರಮಕ್ಕೆ 3,500 ಜನ ಸೇರಿದರು. ಹೊಸ ವರ್ಷದ ದಿನಗಳಲ್ಲಿ ದೇವರಿಗೆ ಹೋಗುವುದು ಅಲ್ಲಿನ ಪದ್ಧತಿ. ಮೊದಲು ಸುಮಾರು ಒಂದು ಲಕ್ಷ ಜನ ಬರುತ್ತಿದ್ದ ಆ ದೇವಾಲಯಕ್ಕೆ 2008ರಲ್ಲಿ 3 ಲಕ್ಷ, 2009ರಲ್ಲಿ 4.2 ಲಕ್ಷ, 2011ರಲ್ಲಿ 4.7 ಲಕ್ಷ ಜನ ಬಂದರು. 2008ರ ಹಬ್ಬದಲ್ಲಿ ಕಾರ್ಟೂನ್ ಹುಡುಗಿಯರ ಚಿತ್ರದ ಪಲ್ಲಕ್ಕಿಯೊಂದನ್ನು ಊರವರೇ ಮಾಡಿಸಿ, ಬಂದ ಹುಡುಗರ ಹೆಗಲಿಗೆ ಕೊಟ್ಟರು. ಪಲ್ಲಕ್ಕಿ ಹೊರುವುದು ಎಂದರೆ ಏನೆಂದು ಜಾತ್ರೆ ಕಂಡ ನಿಮಗೆ ಗೊತ್ತು. ಹೊರಗಿನವರ ಹೆಗಲಿಗೆ ಯಾರೂ ಸುಮ್ಮನೆ ಕೊಡುವುದಿಲ್ಲ.

ವಾಶಿಮಿಯಾ ಊರು 2010ರಲ್ಲಿ ಪಕ್ಕದ ಕುಕಿ ನಗರದಲ್ಲಿ ಸೇರಿಹೋಗಿ, ಪ್ರತ್ಯೇಕ ಆಡಳಿತವಾಗಿ ಇಲ್ಲವಾಯಿತು. ಧಾರಾವಾಹಿಯ ಮೊದಲ ಹಾಡಿನಲ್ಲೇ ಕಾಣುವ ದೇವಾಲಯದ ಮರದ ಹೆಬ್ಬಾಗಿಲು 2018ರ ಆಗಸ್ಟಿನಲ್ಲಿ ಒಂದು ದಿನ ಬುಡ ಕೊಳೆತು ಬಿದ್ದುಬಿಟ್ಟಿತು. 2021ರ ಕೊನೆಗೆ ಹೊಸದನ್ನು ನಿಲ್ಲಿಸಿದರು. ಚಿತ್ರದಲ್ಲಿರುವ ಹೆಬ್ಬಾಗಿಲು ಮಾತ್ರ ಇನ್ನು ಚಿತ್ರದಲ್ಲೇ.

ತೊಯೊಸಾತೊಗೆ ಬರೋಣ. ಅಲ್ಲಿಯೂ ವರ್ತಕರ ಸಂಘ ಮುಂದೆ ಬಂತು. ಫುರುಕಾವಾ ಕಟ್ಟಿಸಿದ ಹಳೆ ಗ್ರಂಥಾಲಯದ ಕಟ್ಟಡದಲ್ಲಿ ಟೀ ಅಂಗಡಿ, ಬಂದವರಿಗೆ ಮಾಹಿತಿ ಕೊಡುವ ಜಾಗ ಮಾಡಿದರು. ಬಂದವರು ಸುಮ್ಮನೆ ನೋಡಿ ಹೋಗಲಿಲ್ಲ. ಮೇಲಿನ ಕೋಣೆಯಲ್ಲಿ ಧಾರಾವಾಹಿಯಲ್ಲಿ ಇದ್ದ ಹಾಗೆಯೇ ಮೇಜುಗಳನ್ನು ಜೋಡಿಸಿದರು. ಅದೇ ಬಗೆಯ ಟೀ ಕಪ್ಪು, ಬಸಿಗಳು ಬಂದು ಕೂತವು. ಕರಿಹಲಗೆಯ ಮೇಲೆ ಚಿತ್ರ, ಬರಹ. ಗಿಟಾರ್ ತಂದವರಿದ್ದಾರೆ. ಹೈಸ್ಕೂಲು ಮಕ್ಕಳ ಸಂಗೀತ ತಂಡಗಳ ಸ್ಪರ್ಧೆಯನ್ನೂ ಊರಿನಲ್ಲಿ ನಡೆಸಿದ್ದಾರೆ. ಶಾಲೆಯೊಳಗೆ ಹೋಗಲು ಟಿಕೆಟ್ ಇಲ್ಲ. 2013ರಲ್ಲಿ ಕಟ್ಟಡವನ್ನು ದೇಶದ ಸಾಂಸ್ಕೃತಿಕ ಆಸ್ತಿಗಳ ನೋಂದಣಿಗೆ ಸೇರಿಸಿದರು.

ನಮಗೆ ಇಲ್ಲಿ ಒಂದು ಅನುಮಾನವೂ ಉಂಟು. ಕಾರ್ಟೂನ್ ನೋಡಿ ಬಂದವನಿಗೆ ಫುರುಕಾವಾ ಯಾರೆಂದು ಗೊತ್ತಾಗುತ್ತದೆಯೇ? 2002ರ ಡಿಸೆಂಬರಿನ ಚಳಿಯಲ್ಲಿ ಒಳಗೆ ಕೂತವರು ಅವನಿಗೆ ಬೇಕೇ? ಎಲ್ಲರಿಗೂ ಬೇಕಿರಲಿಕ್ಕಿಲ್ಲ. ಆದರೆ ಆಮೆಯ ತಲೆ ಸವರಿದವನು ಇದನ್ನು ಯಾಕೆ ಇಟ್ಟರು ಎಂದು ಒಮ್ಮೆ ಕೇಳಿದರೂ ಸಾಕು, ಇಡೀ ಕಥೆ ಹೊರಬರುತ್ತದೆ. ನಮಗೆ ಅದು ಸಿಕ್ಕಿದ್ದೂ ಹಾಗೆಯೇ.

ಎಲ್ಲ ಕಡೆಯೂ ಹೀಗೆ ಸುಸೂತ್ರವಾಗಿ ನಡೆದಿಲ್ಲ. ಟೋಕಿಯೊದ ದಕ್ಷಿಣಕ್ಕೆ ಸಮುದ್ರದ ದಂಡೆಯಲ್ಲಿ ಕಾಮಾಕುರಾ ಎಂಬ ನಗರವಿದೆ. ಅಲ್ಲಿ ಸಣ್ಣ ರೈಲಿನ ಒಂದು ಲೆವೆಲ್ ಕ್ರಾಸಿಂಗ್. ರೈಲು ಹೋದಾಗ ಹಿಂದೆ ಕಡಲು ಕಾಣುತ್ತದೆ. 1993ರಲ್ಲಿ ಶುರುವಾದ ‘ಸ್ಲಾಮ್ ಡಂಕ್’ ಎಂಬ ಬ್ಯಾಸ್ಕೆಟ್‌ಬಾಲ್ ಅನಿಮೆಯ ಆರಂಭದ ಹಾಡಿನಲ್ಲಿ ಆ ನೋಟ ಬರುತ್ತದೆ. ಚೀನಾ, ತೈವಾನ್, ಕೊರಿಯಾಗಳಲ್ಲಿ ಅದನ್ನು ನೋಡಿ ಬೆಳೆದ ಒಂದು ತಲೆಮಾರೇ ಇದೆ. 2022ರ ಕೊನೆಗೆ ಅದರ ಹೊಸ ಸಿನಿಮಾ ಬಂದ ಮೇಲೆ ಜನ ಇನ್ನೂ ಹೆಚ್ಚಾದರು. ಒಂದು ಫೋಟೊಗಾಗಿ ರಸ್ತೆಯ ನಡುವೆ ನಿಲ್ಲುತ್ತಾರೆ, ಕಸ ಬಿಡುತ್ತಾರೆ. ಸುತ್ತ ಇರುವುದು ಜನ ವಾಸದ ಮನೆಗಳು. ನಗರಾಡಳಿತ ಕಾವಲಿನವರನ್ನು ನಿಲ್ಲಿಸಬೇಕಾಯಿತು. ಅಲ್ಲಿ ನೋಡಲು ಇರುವುದು ಒಂದು ಗೇಟು, ಒಂದು ತಿರುವು. ಒಳಗೆ ಕರೆದು ಕೂರಿಸಲು ಶಾಲೆಯಿಲ್ಲ, ಮಾತಾಡಿಸಲು ಅಂಗಡಿ ಸಾಲಿಲ್ಲ. ಫೋಟೊ ಆದ ಮೇಲೆ ಬಂದವನಿಗೂ ಇದ್ದವನಿಗೂ ಸಂಬಂಧವೇ ಇಲ್ಲ.

‘ಲಕ್ಕಿ ಸ್ಟಾರ್’, ‘ಕೆ-ಆನ್’ ಎರಡನ್ನೂ ಮಾಡಿದ್ದು ಒಂದೇ ಸ್ಟುಡಿಯೊ, ಕ್ಯೋಟೊ ಅನಿಮೇಷನ್. 2019ರ ಜುಲೈ 18ರಂದು ಒಬ್ಬಾತ ಅದರ ಒಂದು ಕಟ್ಟಡಕ್ಕೆ ನುಗ್ಗಿ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ. 36 ಜನ ಸತ್ತರು. ಸತ್ತವರಲ್ಲಿ ‘ಲಕ್ಕಿ ಸ್ಟಾರ್’ ನಿರ್ದೇಶಕ ಯಾಸುಹಿರೊ ತಾಕೆಮೊತೊ ಇದ್ದರು. ಜಪಾನಿನಿಂದಲೂ ಹೊರದೇಶಗಳಿಂದಲೂ ಜನ ಕಳಿಸಿದ ನೆರವು 300 ಕೋಟಿ ಯೆನ್ ದಾಟಿತು. ಆ ಕಟ್ಟಡವನ್ನು ಆಮೇಲೆ ಕೆಡವಿದರು. ಅಲ್ಲಿ ಕೂತು ಮೇಜಿನ ಮೇಲೆ ಮೆಟ್ಟಿಲು, ಕಿಟಕಿ, ದೇವಾಲಯಗಳನ್ನು ಬಿಡಿಸಿದವರ ಜಾಗ ಇಲ್ಲ. ಅವರು ಬಿಡಿಸಿದ ಜಾಗಗಳಿವೆ.

ಶಿಗಾ ಪ್ರಾಂತ್ಯದಲ್ಲಿ ಇನ್ನೊಂದು ವಿಶೇಷ ಉಂಟು. ರಸ್ತೆ ತಿರುವುಗಳಲ್ಲಿ ಓಡಿಬರುವ ಹುಡುಗನ ಆಕಾರದಲ್ಲಿ ಕತ್ತರಿಸಿದ ಹಲಗೆ ನಿಲ್ಲಿಸುತ್ತಾರೆ. ಮಕ್ಕಳು ಅಡ್ಡ ಬಂದಾರು, ಗಾಡಿ ನಿಧಾನ ಮಾಡಿ ಎಂದು ಡ್ರೈವರುಗಳಿಗೆ ಎಚ್ಚರಿಕೆ. ಹೆಸರು ‘ತೊಬಿದಾಶಿ ಬೋಯಾ’, ಚಂಗನೆ ಹಾರಿಬರುವ ಪುಟ್ಟ ಎಂದು ಹೇಳಬಹುದು. 1970ರ ದಶಕದಲ್ಲಿ ಈ ಸೀಮೆಯಲ್ಲೇ ಹುಟ್ಟಿದ್ದು. ತೊಯೊಸಾತೊದಲ್ಲಿ ಈಗ ಆ ಹುಡುಗನ ಜತೆ ‘ಕೆ-ಆನ್’ ಹುಡುಗಿಯರ ಹಲಗೆಗಳೂ ರಸ್ತೆ ಬದಿಯಲ್ಲಿವೆ. ಯಾತ್ರಿಕರು ಒಂದೊಂದನ್ನೂ ಹುಡುಕಿ ಫೋಟೊ ತೆಗೆಯುತ್ತಾರೆ. ಹಲಗೆಯ ಕೆಲಸ ಮಾತ್ರ ಮೊದಲಿನದೇ. 2004ರಲ್ಲಿ ಕಟ್ಟಿದ ಹೊಸ ಶಾಲೆಗೆ ಊರಿನ ಮಕ್ಕಳು ದಿನಾ ನಡೆದು ಹೋಗುತ್ತಾರೆ. ಹಳೆ ಶಾಲೆ ನೋಡಲು ಬಂದ ಕಾರುಗಳು ಆ ತಿರುವುಗಳಲ್ಲಿ ನಿಧಾನವಾಗುತ್ತವೆ.